ಬೀಗರ ಎಮ್ಮೆಯ ಹಾಡು

ಹೊಳವನಹಳ್ಳಿ ಹತ್ತಿರದ ಹಳ್ಳಿಯ ಕೊಲ್ಲಾಪುರಮ್ಮನಿಗೆ ಇದ್ದದ್ದು ಒಂದೇ ಹಸು. ಬಾಯಿ ಮಾತ್ರ ಊರಗಲ. ಹಾಲಿನ ಸೊಸೈಟಿಯಲ್ಲಿ ಎಲ್ಲರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೀರು ಬೆರೆತಿದೆಯೇ ಎಂದು ನೋಡುತ್ತಿದ್ದರು. ಅಧ್ಯಕ್ಷ ಓಬಳಪ್ಪನ ಕ್ಯಾನು ಮಾತ್ರ ನೋಡದೆಯೇ ಒಳಗೆ ಹೋಗುತ್ತಿತ್ತು. ಯಾಕೆಂದು ಕೇಳಿದವರ ಹಾಲು ಮರುದಿನ ವಾಪಸ್ಸು.

ಅವಳು ಕಾದಳು. ಮೈದುನನ ಮಗಳನ್ನು ಓಬಳಪ್ಪನ ಮಗನಿಗೆ ಕೊಟ್ಟಾಗ, ಧಾರೆ ಮುಗಿದದ್ದೇ ತಡ, ಹೆಣ್ಣಿನ ಕಡೆಯವಳಾಗಿ ಬೀಗರ ಹಾಡು ಎತ್ತಿದಳು:

"ಬೀಗರ ಎಮ್ಮೆ ಕೆರೆಗೋಯ್ತು, ಬಾಯ್ತುಂಬ ನೀರು ಕುಡಿದ್ಬಂತು,
ಹೊಟ್ಟೆಗೆ ಇಳಿಯೋ ನೀರೆಲ್ಲ ಕೆಚ್ಚಲಿಗಿಳಿದು ಹಾಲಾಯ್ತು!"

ಚಪ್ಪರವೇ ನಕ್ಕಿತು. ಬೀಗರ ಹಾಡಿಗೆ ಸಿಟ್ಟಾದವನು ಸೋತಂತೆ. ನಗುತ್ತಲೇ ಹಾಡಿದವಳ ಸೆರಗಿಗೆ ಎಲೆ ಅಡಿಕೆ ಹಾಕಬೇಕು. ಓಬಳಪ್ಪ ಹಲ್ಲು ಕಚ್ಚಿಕೊಂಡು ಹಾಕಿದ.

ಆಮೇಲೆ ಹಾಡು ಕಳೆ ಕೀಳುವ ಹೊಲಕ್ಕೆ, ಕೊರಟಗೆರೆ ಬಸ್ಸಿಗೆ, ಮಧುಗಿರಿ ಕಡೆಯ ಮದುವೆಗಳಿಗೆ ಹೋಯಿತು. ಹೋದಲ್ಲೆಲ್ಲ ಸಾಲು ಬೆಳೆಯಿತು. ಕೊನೆಗೆ ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ಓಬಳಪ್ಪ ಹಾಲಿನ ಗುಣಮಟ್ಟದ ಮೇಲೆ ಭಾಷಣ ಶುರುಮಾಡಿದಾಗ, ಕೊಲ್ಲಾಪುರಮ್ಮ ಎದ್ದು ನಿಂತು ಅದನ್ನೇ ಹಾಡಿದಳು.

"ಇದೇನು ಮದ್ವೆ ಮನೆಯೇನಮ್ಮಾ? ಬಾಯ್ ಮುಚ್ಕೊಂಡು ಕೂತ್ಕೊ!" ಓಬಳಪ್ಪ ಮೇಜು ಗುದ್ದಿದ.

"ಮದ್ವೆ ಮುಗೀತು ಅಂತ ಬೀಗ್ತನ ಮುಗೀತದಾ? ಸಾಯೋಗಂಟ ಬೀಗ್ರೇ ಕಣ್ರೀ. ನಾಳೆಯಿಂದ ನಿಮ್ಮ ಕ್ಯಾನಿಗೂ ಲ್ಯಾಕ್ಟೋಮೀಟರ್ ಬುಡ್ಸಿ, ಹಾಡು ನಿಲ್ಲಿಸ್ತೀನಿ. ಸಿಟ್ಟು ಮಾಡ್ಕಂಡ್ರೆ ನೀವೇ ಸೋತಂಗೆ."

ಹೆಂಗಸರೆಲ್ಲ ಹಾಡಿನ ಸೊಲ್ಲು ಹಿಡಿದರು. ಕೊಲ್ಲಾಪುರಮ್ಮ ವೇದಿಕೆಯ ಮುಂದೆ ಹೋಗಿ ಸೆರಗೊಡ್ಡಿದಳು.

"ಎಲೆ ಅಡಿಕೆ ಹಾಕಿ, ಬೀಗ್ರೇ."