ಕಂಬಳಿ ಹಾಸಿದ ಕುರ್ಚಿ

ಡುಂಯ್... ಡುಂಯ್... ಉಣ್ಣೆ ಹಿಂಜುವ ಬಿಲ್ಲಿನ ಸದ್ದು ಮೊನ್ನೆ ಮಧ್ಯಾಹ್ನ ಮತ್ತೆ ಕಿವಿಗೆ ಬಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿಯಲ್ಲಿ ಯಾರೂ ಇರಲಿಲ್ಲ.

ಅರವತ್ತರ ದಶಕದಲ್ಲಿ, ಸಿರಾದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಜಗಲಿಯ ಮೇಲೆ ಕೂತು ದಿನವಿಡೀ ಆ ಬಿಲ್ಲು ಮಿಡಿಯುತ್ತಿದ್ದರು. ಕುರಿಯುಣ್ಣೆಯ ದೂಳು ಅವರನ್ನು ಮುಚ್ಚಿಬಿಡುತ್ತಿತ್ತು. ಒಳಗಿಂದ ಬರೀ ಕೆಮ್ಮು ಕೇಳುತ್ತಿತ್ತು.

ಅವರ ಯಜಮಾನರು ಕಂಬಳಿ ಸೊಸೈಟಿಯ ಪ್ರೆಸಿಡೆಂಟು. ಸೊಸೈಟಿಯಲ್ಲಿ ದುಡ್ಡಿಗೇನೂ ಕೊರತೆಯಿರಲಿಲ್ಲ. ಆದರೆ ಹಿಂಜುವ ಮೆಷೀನು ತರೋಣವೆಂದು ಯಾವ ಡೈರೆಕ್ಟರು ಬಾಯಿ ತೆಗೆದರೂ ಅವರು ಎಡಗೈ ಹೆಬ್ಬೆರಳಿನಿಂದ ಮೀಸೆ ತೀಡಿ, "ಇರ್ಲಿ ಬುಡ್ರಲಾ, ಬಿಲ್ಲೈತಲ್ಲ" ಎನ್ನುತ್ತಿದ್ದರು. ಅಲ್ಲಿಗೆ ಮೀಟಿಂಗ್ ಓವರ್.

"ಬಿಲ್ಲೈತೆ ಸರಿ, ನನ್ ಎದೆ ಎಲ್ಲೈತೆ? ಒಂದಿನ ನೀನೇ ಹಿಂಜು, ಆ ಮೀಸೆನೂ ಉದುರೋಯ್ತದೆ!" ಎಂದು ದೊಡ್ಡಮ್ಮ ಬೈಯುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಯಜಮಾನರು ತೀರಿಕೊಂಡ ಮೇಲೆ ಡೈರೆಕ್ಟರುಗಳು ಅವರ ಕರಿಕಂಬಳಿಯನ್ನು ಪ್ರೆಸಿಡೆಂಟರ ಕುರ್ಚಿಗೆ ಹಾಸಿದರು. ನಮ್ಮ ಕಡೆ ಹಾಸಿದ ಕಂಬಳಿಯೆಂದರೆ ಗದ್ದುಗೆ. ಅದರ ಮೇಲೆ ಕೂರಲು ಯಾರಿಗೂ ಧೈರ್ಯವಿಲ್ಲ. ಮೆಷೀನಿನ ಮಾತು ಬಂದರೆ ಎಲ್ಲರೂ ಆ ಖಾಲಿ ಕುರ್ಚಿಯನ್ನು ನೋಡಿ ಮಾತು ಬದಲಿಸುತ್ತಿದ್ದರಂತೆ... ಕೊನೆಗೆ, ಅವರ ಮನೆಯವರೇ ಕೂತರೆ ಸರಿಯೆಂದು ದೊಡ್ಡಮ್ಮನನ್ನೇ ಪ್ರೆಸಿಡೆಂಟ್ ಮಾಡಿದರು.

ನಾನು ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಮೆಷೀನಿನ ಕ್ಯಾಟಲಾಗು ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳಲು ದೊಡ್ಡಮ್ಮ ನನ್ನನ್ನು ಮೀಟಿಂಗಿಗೆ ಕರೆದೊಯ್ದರು. "ಜೋರಾಗಿ ಓದು ಕಣಮ್ಮ, ಆ ಮುದುಕ್ರು ಹೆದ್ರಿಕಂಡಾದ್ರೂ ಒಪ್ಕಳ್ಳಿ. ನಾಳೆನೇ ಬಿಲ್ಲು ಒಲೆಗಾಕ್ತೀನಿ" ಎಂದು ದಾರಿಯುದ್ದಕ್ಕೂ ನಗು.

ದೊಡ್ಡಮ್ಮ ಕಂಬಳಿಯ ಮೇಲೆ ಕೂತರು. ನಾನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಹಿರಿಯ ಡೈರೆಕ್ಟರೊಬ್ಬರು, "ತರ್ಸಾನ ಕಣಮ್ಮ, ನೀನೊಂದ್ ಹೂಂ ಅನ್ನು" ಎಂದರು.

ದೊಡ್ಡಮ್ಮನ ಎಡಗೈ ಮೆಲ್ಲಗೆ ಮೇಲೆದ್ದಿತು. ಹೆಬ್ಬೆರಳು ತುಟಿಯ ಮೇಲೆ, ಇಲ್ಲದ ಮೀಸೆಯನ್ನು ತೀಡಿತು.

"ಇರ್ಲಿ ಬುಡ್ರಲಾ, ಬಿಲ್ಲೈತಲ್ಲ."

ಆ ಹಿರಿಯರನ್ನೆಲ್ಲ ಅಣ್ಣಾ ಅಣ್ಣಾ ಎನ್ನುತ್ತಿದ್ದವರು ಯಜಮಾನರಂತೆಯೇ 'ಲಾ' ಅಂದಿದ್ದರು! ಡೈರೆಕ್ಟರುಗಳೆಲ್ಲ ಮೊದಲಿನಂತೆಯೇ ಟವಲ್ಲು ಕೊಡವಿಕೊಂಡು ಎದ್ದರು.

ಹೊರಗೆ ಬಂದು, "ಯಾಕ್ ದೊಡ್ಡಮ್ಮ ಬೇಡ ಅಂದ್ರಿ?" ಎಂದೆ.

ನಿಂತುಬಿಟ್ಟರು. "ಬ್ಯಾಡ ಅಂದ್ನಾ? ಹೂಂ ಅಂದೆ ಕಣಮ್ಮ ನಾನು!"

ಅವರ ಕೈ ತಣ್ಣಗಿತ್ತು...

ನನ್ನ ಮೊಮ್ಮಗಳು ಈಗ ಮ್ಯಾನೇಜ್‌ಮೆಂಟ್ ಓದುತ್ತಾಳೆ. "ಚೇರ್ಮನ್ ಎಂಥವರೋ, ಹೊಸದಕ್ಕೆ ಕಂಪನಿ ದುಡ್ಡು ಹಾಕುವುದೂ ಹಾಗೇ ಅಜ್ಜಿ" ಎನ್ನುತ್ತಾಳೆ. ಇರಬಹುದು. ಆದರೆ ಆ ದಿನ ಕುರ್ಚಿಯ ಮೇಲಿದ್ದವರು ಯಾರು? ಕೇಳೋಣವೆಂದರೆ ದೊಡ್ಡಮ್ಮ ಇಲ್ಲ. ಮುಂದಿನ ರಜೆಯ ಹೊತ್ತಿಗೆ ಆ ಜಗಲಿ ಖಾಲಿಯಾಗಿತ್ತು.

ಕೊನೆಯ ಸಲ ಅವರನ್ನು ನೋಡಿದ್ದು ನಾನು ಕಾನ್ವೆಂಟಿಗೆ ಹೊರಟ ಬೆಳಿಗ್ಗೆ. ಬಿಲ್ಲು ನಿಲ್ಲಿಸಿ, ದೂಳಿನೊಳಗಿಂದ ಕೂಗಿ ಕೇಳಿದರು: "ಮೆಷೀನು ಯಾವತ್ತು ಬತ್ತದಂತೆ ಕಣಮ್ಮ?"