ಕರ್ಕಿ ತಿರುವಿನ ಹುಲ್ಲು

ಮದುವೆಯಾಗಿ ಹೊನ್ನಾವರಕ್ಕೆ ಬಂದ ಎರಡನೆಯ ವರ್ಷ, ಮಳೆ ಹಿಂದೆ ಸರಿಯುವ ಹೊತ್ತಿಗೆ, ನನ್ನ ಗಂಡ ವಿಷಮಶೀತ ಜ್ವರದಿಂದ ಮಲಗಿದರು. ಅವರದು ಸಣ್ಣಪುಟ್ಟ ಗುತ್ತಿಗೆ ಕೆಲಸ. ಕುಮಟೆಯ ಕಡೆಗೆ ಹೋಗುವ ರಸ್ತೆಯ ಇಕ್ಕೆಲದ ಹುಲ್ಲು ಕೊಯ್ಯಿಸುವುದು ಆ ವರ್ಷ ಅವರ ಪಾಲಿಗೆ ಬಂದಿತ್ತು. ನಾಲ್ಕು ತಿಂಗಳ ಮಳೆ ಕುಡಿದ ಹುಲ್ಲು ಆಳೆತ್ತರ ಬೆಳೆದು ಮೈಲಿಗಲ್ಲುಗಳನ್ನೇ ನುಂಗಿತ್ತು. ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸು ಕಾಣುತ್ತಿರಲಿಲ್ಲ. ದೀಪಾವಳಿಯೊಳಗೆ ಮುಗಿಸಬೇಕೆಂದು ರಸ್ತೆ ಇಲಾಖೆಯ ಓವರ್‌ಸಿಯರರು ಹೇಳಿಕಳಿಸಿದರು. ಅತ್ತೆ ಹಾಸಿಗೆಯ ಪಕ್ಕ ಕೂತರು. ನಾನು ಕೊಡೆ ಹಿಡಿದು ಬೆಳಗಿನ ಬಸ್ಸು ಹತ್ತಿದೆ.

ಕೊಯ್ಯಲು ಬರುತ್ತಿದ್ದವರು ಕರ್ಕಿಯ ಆಚೆಯ ಎಂಟು ಹೆಂಗಸರು. ಗದ್ದೆ ಕೊಯ್ಲಿಗೆ ಮುಂಚಿನ ಬಿಡುವಿನಲ್ಲಿ ಅವರಿಗೆ ಈ ಕೆಲಸ. ಮೊದಲು ಕೋಲಿನಿಂದ ಹುಲ್ಲು ಬಡಿದು ಹಾವು ಎಬ್ಬಿಸುವರು, ಆಮೇಲೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಕತ್ತಿ ಆಡಿಸುವರು. ಕೊಯ್ದ ಹುಲ್ಲು ಹೊರೆಯಾಗಿ ಅವರವರ ಕೊಟ್ಟಿಗೆಗೇ ಹೋಗುತ್ತಿತ್ತು. ಹಾಗಾಗಿ ಕೂಲಿ ಸ್ವಲ್ಪ ಕಡಿಮೆಯಾದರೂ ಒಪ್ಪುತ್ತಿದ್ದರು.

ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ಒಬ್ಬರು ನಿಲ್ಲಲೇಬೇಕೆಂಬುದು ನಿಯಮ. ಆದರೆ ಹಣ ಸಿಗುವುದು ಕೊಯ್ದ ಫರ್ಲಾಂಗಿನ ಲೆಕ್ಕದಲ್ಲಿ. ನಿಂತವರ ಕೂಲಿ ಅದರಲ್ಲಿ ಸೇರಿರಲಿಲ್ಲ. ಅದಕ್ಕಾಗಿ ಗಂಡ ತಾವೇ ನಿಲ್ಲುತ್ತಿದ್ದರು. ನಾನೂ ಹಾಗೆಯೇ ನಿಂತೆ.

ಎಂಥ ಬೆಳಗುಗಳು ಅವು! ಮಂಜು ಗದ್ದೆಯಿಂದ ಎದ್ದು ರಸ್ತೆ ದಾಟಿ ಹೋಗುತ್ತಿತ್ತು. ಇಬ್ಬನಿಯಲ್ಲಿ ನೆನೆದ ಹುಲ್ಲು ಕತ್ತಿಗೆ ಸಿಕ್ಕಾಗ ಬರುವ ಹಸಿ ವಾಸನೆ, ತಲೆಯ ಮೇಲೆ ತೇಲುವ ಏರೋಪ್ಲೇನ್ ಚಿಟ್ಟೆಗಳು, ಎಲ್ಲೋ ದೂರದಲ್ಲಿ ಕಡಲಿನ ಉಸಿರು. ಹೆಂಗಸರಲ್ಲಿ ಒಬ್ಬಳು ಹಾಡು ಎತ್ತುವಳು, ಉಳಿದವರು ಅದನ್ನು ಎಳೆದುಕೊಂಡು ಹೋಗುವರು. ಒಂದು ಸಾಲು ಮುಗಿಯುವಷ್ಟರಲ್ಲಿ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಮಂಜಿನೊಳಗೆ ಕತ್ತಿಗಳು ಮಾತ್ರ ಮಿನುಗುತ್ತಿದ್ದವು. ನಾನು ನಿಂತಲ್ಲೇ ತೇಲುತ್ತಿದ್ದೆ.

ನಾಲ್ಕನೆಯ ದಿನ ಹಾಗೆ ತೇಲುತ್ತಿದ್ದಾಗಲೇ ಮೀನಿನ ಲಾರಿ ಬಂತು. ಅದರ ಸದ್ದು ನನ್ನ ಕಿವಿಗೆ ಬಿದ್ದಿತ್ತು. ಕಡಲಿನದೇ ಇರಬೇಕೆಂದು ಸುಮ್ಮನಿದ್ದೆ. ಬಾವುಟ ನನ್ನ ಕೈಯಲ್ಲಿ ಜೋತುಬಿದ್ದಿತ್ತು. ಆಗಷ್ಟೇ ನಮ್ಮ ಗುಂಪಿನ ಒಬ್ಬ ಹುಡುಗಿ ತಲೆಯ ಮೇಲೆ ಹೊರೆ ಹೊತ್ತು ರಸ್ತೆ ದಾಟುತ್ತಿದ್ದಳು. ಹೊರೆ ಕಣ್ಣಿಗೆ ಅಡ್ಡವಾಗಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಲಾರಿ ಕಿರುಚಿ ಚರಂಡಿಯ ಕಡೆ ಹೊರಳಿತು. ಹೊರೆ ಗಾಳಿಗೆ ಹಾರಿ, ಹುಲ್ಲು ರಸ್ತೆಯ ತುಂಬ ಹರಡಿತು. ಹುಡುಗಿ ಅದರ ನಡುವೆ ಕೂತಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಚಾಲಕ ಇಳಿದು ಬಂದು ಕೊಂಕಣಿಯಲ್ಲಿ ಬೈದ. ಹೆಂಗಸರು ಕೊಟ್ಟ ನೀರು ಕುಡಿದು ಲಾರಿ ಹತ್ತಿ ಹೊರಟುಹೋದ.

ನನಗೆ ಅಳು ಬಂತು. ತಪ್ಪು ನನ್ನದೇ, ಹಾಡು ಕೇಳುತ್ತ ಮೈಮರೆತೆ ಎಂದು ಎಲ್ಲರೆದುರು ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಗುಂಪಿನ ಹಿರಿಯಳಾದ ಅಜ್ಜಿ ಹತ್ತಿರ ಬಂದು ನನ್ನ ಕೈಯಿಂದ ಬಾವುಟ ತೆಗೆದುಕೊಂಡಳು. ಅವಳಿಗೆ ಮಂಡಿ ನೋವು. ಕೂತು ಕೊಯ್ಯುವುದರಲ್ಲಿ ಯಾವಾಗಲೂ ಹಿಂದೆ ಬೀಳುತ್ತಿದ್ದಳು.

“ನಿಮ್ಮ ಕಣ್ಣು ಇಲ್ಲಿ ನಿಲ್ಲೂದಿಲ್ಲ ಅಮ್ಮ,” ಎಂದಳು. “ನಂಗೆ ಕೂರೂಕೆ ಆಗೂದಿಲ್ಲ. ನಾ ನಿಲ್ತೆ. ನನ್ನ ಕತ್ತಿ ನೀವು ಹಿಡೀರಿ.”

“ನಂಗೆ ಕೊಯ್ಯೂಕೆ ಎಂತ ಬರ್ತದೆ ಅಜ್ಜಿ?”

“ಬರ್ತದೆ. ಎರಡು ದಿನ ಕೈ ಸುಡ್ತದೆ, ಆಮೇಲೆ ಬರ್ತದೆ.”

ಹೀಗೆ ಕೂಲಿ ಹೆಚ್ಚಾಗದೆ ತಿರುವಿಗೆ ಒಂದು ಕಾವಲು ಸಿಕ್ಕಿತು. ನನ್ನ ಅಂಗೈಯಲ್ಲಿ ಬೊಬ್ಬೆಗಳು ಎದ್ದವು, ಒಡೆದವು, ಗಟ್ಟಿಯಾದವು. ಕತ್ತಿಯನ್ನು ಹಿಡಿಯುವುದಕ್ಕಿಂತ ಹುಲ್ಲನ್ನು ಹಿಡಿಯುವುದೇ ಕಷ್ಟ ಎಂದು ಆಗ ತಿಳಿಯಿತು. ಅಜ್ಜಿ ಒಮ್ಮೆಯೂ ಕೂರಲಿಲ್ಲ, ಹಾಡಿಗೆ ದನಿಯನ್ನೂ ಸೇರಿಸಲಿಲ್ಲ. ರಸ್ತೆಯ ಕಡೆಗೇ ನೋಡುತ್ತ ನಿಂತಿರುತ್ತಿದ್ದಳು. ಅವಳು ಬಾವುಟ ಎತ್ತಿದರೆ ಬಸ್ಸುಗಳು ಆಮೆಯಂತೆ ಬರುತ್ತಿದ್ದವು.

ದೀಪಾವಳಿಗೆ ಎರಡು ದಿನ ಮುಂಚೆ ಕೆಲಸ ಮುಗಿಯಿತು. ಮೈಲಿಗಲ್ಲುಗಳು ಸ್ನಾನ ಮಾಡಿ ನಿಂತಂತೆ ಬೆಳ್ಳಗೆ ಕಂಡವು.

ಚೇತರಿಸಿಕೊಂಡ ಗಂಡನಿಗೆ ಎಲ್ಲ ಹೇಳಿದೆ. ಅವರು ನನ್ನ ಅಂಗೈ ಬಿಡಿಸಿ ನೋಡಿದರು. ಮರುವರ್ಷ ಬಾವುಟದವರ ಕೂಲಿಯನ್ನೂ ಸೇರಿಸಿ ದರ ಬರೆದರು. ಗುತ್ತಿಗೆ ಕಡಿಮೆ ದರ ಬರೆದ ಬೇರೆಯವರಿಗೆ ಹೋಯಿತು.

ಆ ವರ್ಷ ಕುಮಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ದೂರದಲ್ಲಿ ಹುಲ್ಲಿನ ಹೊರೆಗಳು ಕಂಡವು. ಬಾವುಟ ಎಲ್ಲೂ ಇರಲಿಲ್ಲ. ನಾನು ಎದ್ದು, ಕಂಬಿ ಹಿಡಿದುಕೊಂಡು ಮುಂದೆ ಹೋಗಿ, ತಿರುವಿನಾಚೆ ಹೆಂಗಸರು ಕೊಯ್ಯುತ್ತಿರಬಹುದು, ನಿಧಾನ ಹೋಗಿ ಎಂದು ಚಾಲಕನಿಗೆ ಹೇಳಿದೆ. ಅವನು ತಿರುಗಿಯೂ ನೋಡದೆ “ಆತು” ಎಂದ, ಬಸ್ಸಿನ ವೇಗ ತಗ್ಗಿಸಿದ.