ಬೀಳಗಿಯ ವರ, ಒಂದು ಕಪ್ ಚಹಾ

ಬೀಳಗಿಗೆ ಹೊರಟದ್ದು ಭಾನುವಾರ. ಬನಹಟ್ಟಿಯಿಂದ ಮುಂಜಾನೆ ಆರರ ಬಸ್ಸು, ಮುಧೋಳದವರೆಗೆ ಮೂರು ರೂಪಾಯಿ. ಮಗಳು ಶಾರದೆಗೆ ಬೀಳಗಿಯಿಂದ ಸಂಬಂಧ ಬಂದಿತ್ತು. ಹುಡುಗ ಸರಕಾರಿ ಕಚೇರಿಯಲ್ಲಿ ಕ್ಲಾರ್ಕ್. ಅವನ ಅಪ್ಪ ಅವ್ವ ಬಂದು ಶಾರದೆಯನ್ನು ಮೆಚ್ಚಿ ಹೋಗಿದ್ದರು. ಹುಡುಗನನ್ನು ನಾವಿನ್ನೂ ಕಂಡಿರಲಿಲ್ಲ. ನೋಡಿ ಬಂದು ಹೂಂ ಅಥವಾ ಊಹೂಂ ಹೇಳುವ ಭಾರ ನನ್ನ ತಲೆಯ ಮೇಲಿತ್ತು. ಮುಧೋಳದಲ್ಲಿ ಚುರುಮುರಿ ಸುಸಲಾ, ಮಿರ್ಚಿ ಭಜಿ ತಿಂದು ಬಸ್ಸು ಬದಲಿಸಿದೆ. ಕೂರಲು ಜಾಗ ಸಿಗಲಿಲ್ಲ.

ಹುಡುಗನ ಮನೆಯಲ್ಲಿ ಉಪಚಾರಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಹುಡುಗ ಒಂದು ತಾಸು ಚಾಪೆಯ ಅಂಚನ್ನೇ ನೋಡುತ್ತ ಕೂತ. ಕೇಳಿದ್ದಕ್ಕೆಲ್ಲ "ಹೌದ್ರಿ", ಇಲ್ಲವೆ "ಇಲ್ರಿ". ಇವನ ಜೊತೆ ಹುಡುಗಿ ಹೆಂಗಪ್ಪಾ ದಿನ ತೆಗೆದಾಳು ಎಂದುಕೊಂಡು ಹೊರಬಿದ್ದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾದಂಗಡಿಯವನು ನಾನು ಬಂದ ಕೆಲಸ ಕೇಳಿ ನಕ್ಕ. "ಅವನಾ? ಮೂರಕ್ಕ ಸಾಲ್ಯಾಗ ನಾಟಕದ ತಾಲೀಮ ಐತ್ರಿ, ನೋಡ ಹೋಗ್ರಿ."

ಹೋದೆ. ಅದೇ ಹುಡುಗ ಆಳಿನ ಪಾತ್ರದಲ್ಲಿ ಧಣಿಗೆ ಚಹಾ ತರುತ್ತಿದ್ದ. ಧಣಿ "ಸಕ್ಕರಿ ಹಾಕೀಯೇನಲೇ?" ಎಂದರೆ ಒಂದು ಗುಟುಕು ಕುಡಿದು "ಹಾಕೇನ್ರಿ". "ಖರೇನ?" ಮತ್ತೊಂದು ಗುಟುಕು. "ಬಿಸಿ ಐತೇನ?" ಇನ್ನೊಂದು. ಕೊನೆಗೆ ಖಾಲಿ ಕಪ್ಪನ್ನು ಎರಡೂ ಕೈಯಲ್ಲಿ, ದೇವರಿಗೆ ಕೊಡುವ ಹಾಗೆ ಮುಂದೆ ಹಿಡಿದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಳಿಯನಾಗುವವನನ್ನು ಹೀಗೆ ನೋಡಿ ನಗಬಹುದೋ ಬಾರದೋ, ಅದೂ ತಿಳಿಯಲಿಲ್ಲ.

ಹೊರಗೆ ಬಂದವನನ್ನು ಕೇಳಿದೆ: "ಮುಂಜಾನೆ ಯಾಕ ಬಾಯಿ ಬಿಡಲಿಲ್ಲಪಾ?"

"ಇಲ್ಲಿ ಏನ ಮಾತಾಡಬೇಕಂತ ಮೊದಲ ಗೊತ್ತಿರತೈತ್ರಿ ಕಾಕಾರ," ಎಂದು ನೆಲ ನೋಡಿದ. "ನಾಕ ಮಂದಿ ನಕ್ಕರ ಹೊಟ್ಟಿ ತುಂಬ ಉಂಡಂಗ ಆಗತೈತ್ರಿ." ಅಷ್ಟೇ. ಮತ್ತೆ ತಾಲೀಮಿಗೆ ಹೋದ.

ದಾರಿಯುದ್ದಕ್ಕೂ ಲೆಕ್ಕ ಹತ್ತಲಿಲ್ಲ. ನಾನು ಮಗಳನ್ನು ಕೊಡುವುದು ಚಾಪೆ ನೋಡುವವನಿಗೋ, ಚಹಾ ಕುಡಿದವನಿಗೋ?

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ಚಹಾ ಕೊಟ್ಟು, "ಹುಡುಗ ಹೆಂಗದಾನ್ರಿ?" ಎಂದಳು. ಕಪ್ಪು ಹಿಡಿದು ಎದ್ದು ನಿಂತು ಮಾಡಿಯೇ ತೋರಿಸಿದೆ. ಮೂರನೆಯ ಗುಟುಕಿಗೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಎಲ್ಲಿಲ್ಲದ ಹುರುಪು ಬಂತು. ನಾಟಕದಲ್ಲಿ ಇಲ್ಲದ ಎರಡು ಗುಟುಕು ಹೆಚ್ಚಿಗೆ ಕುಡಿದೆ. ಎಂಥ ಖುಷಿ ಅದು! ಆಮೇಲೆ ಅವನು ಮನೆಯಲ್ಲಿ ಚಾಪೆ ನೋಡುತ್ತ ಕೂತದ್ದನ್ನೂ ಹೇಳಿದೆ.

ಬಾಗಿಲಲ್ಲಿ ನಿಂತಿದ್ದ ಶಾರದೆ ನಗುತ್ತಲೇ ಕೇಳಿದಳು: "ಮನ್ಯಾಗ ಮಾತ್ರ ಮಾತಾಡಂಗಿಲ್ಲೇನು?"

"ಇಲ್ಲವಾ. ಅದಕ್ಕ ನನಗ ಏನೂ ತಿಳೀವಲ್ದು."

"ಅವ್ವನ್ನ ಕೇಳಪಾ. ಅಂಥವರ ಕೂಡ ಇಪ್ಪತ್ತೆರಡು ವರ್ಸ ಬಾಳೇವು ಮಾಡ್ಯಾಳ."

ಹೆಂಡತಿಯ ಕಡೆ ತಿರುಗಿದೆ. ಅವಳ ನಗು ನಿಂತಿತ್ತು.

"ಮನ್ಯಾಗೂ ಒಮ್ಮೊಮ್ಮೆ ನಗಸ್ತೀಯೇನಂತ ಆ ಹುಡುಗನ್ನ ಕೇಳಿ ಬರ್ರಿ," ಎಂದಳು. "ನಮ್ಮಪ್ಪ ನಿಮ್ಮನ್ನ ಕೇಳಿರಲಿಲ್ಲ."